ಪಿತ್ರಾರ್ಜಿತವೋ, ಸ್ವಯಾರ್ಜಿತವೋ?

ಮಾಧವರಂ ಸುತ್ತಮುತ್ತ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳವರು ಸೇರಿ ಈಚೆಗೆ ಕೈಲಾಸಂ ಅವರ ಕಿರುನಾಟಕಗಳ ಒಂದು ಪುಟ್ಟ ಉತ್ಸವ ನಡೆಸಿದೆವು. ಎರಡು ಸಂಜೆ, ಮೂರು ನಾಟಕ. ಮೂಲಕಡೈ ಹತ್ತಿರ ಬಾಡಿಗೆಗೆ ಹಿಡಿದ ಸಣ್ಣ ಮಂಟಪ. ರಂಗಕ್ಕೆ ಮನೆಮನೆಯಿಂದ ತಂದ ಕುರ್ಚಿ, ಬೆಂಚು, ಒಂದು ಹಳೆಯ ಕೋಟಿನ ಗೂಟ. ಬಂದವರು ಚೆನ್ನಾಗಿ ನಕ್ಕರು, ಹೋಗುವಾಗ ಕೋಸಂಬರಿ, ಕೇಸರಿಭಾತು ತಿಂದು ಹರಸಿದರು. ಉತ್ಸವದ ವರದಿಯನ್ನು ಬೇರೆಯವರು ಬರೆಯಬಹುದು. ನಾನು ಬರೆಯಹೊರಟಿರುವುದು ಉತ್ಸವಕ್ಕೆ ಒಂದು ತಿಂಗಳು ಮೊದಲು ನಡೆದ ಒಂದು ಸಣ್ಣ ಸಂಗತಿಯನ್ನು. ಸಣ್ಣದು ಎಂದು ನಾನೇ ಅಂದುಕೊಂಡು ಅದನ್ನು ಮರೆಯಲು ನೋಡಿದೆ, ಆಗಲಿಲ್ಲ.

ನಾಟಕಗಳಲ್ಲಿ ಒಂದು 'ಟೊಳ್ಳುಗಟ್ಟಿ'. ಅದನ್ನು ಸ್ವಲ್ಪ ಸಂಕ್ಷೇಪಿಸಿ ನಮ್ಮ ಹೈಸ್ಕೂಲು ಮಕ್ಕಳಿಂದ ಆಡಿಸುವುದೆಂದು ಗೊತ್ತಾಗಿತ್ತು. ಅದರ ಕಥೆ ಓದುಗರಿಗೆ ತಿಳಿದದ್ದೇ. ಒಂದೇ ಮನೆಯಲ್ಲಿ ಇಬ್ಬರು ಹುಡುಗರು. ಪುಟ್ಟು ಪುಸ್ತಕದ ಹುಳು, ಪಾಸಾಗುವವನು. ಮಾಧು ಪರೀಕ್ಷೆಯಲ್ಲಿ ನಪಾಸಾಗುವವನು, ಆದರೆ ಕರುಳುಳ್ಳವನು. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು ಬಯಲಾಗುತ್ತದೆ. ಮಾಧುವಿನ ಪಾತ್ರಕ್ಕೆ ಹುಡುಗರನ್ನು ಆರಿಸಲು ನಾವು ಏಳು ಜನ ಒಬ್ಬರ ಮನೆಯ ಹಜಾರದಲ್ಲಿ ಕುಳಿತೆವು.

ಬಂದವರು ಐದು ಹುಡುಗರು. ಅವರಲ್ಲಿ ಒಬ್ಬ ನನ್ನ ಮಗ. ಇನ್ನೊಬ್ಬ ನಮ್ಮ ಪಕ್ಕದ ಮನೆಯವನು, ತಮಿಳರ ಹುಡುಗ. ಅವನ ತಂದೆ ಲಾರಿ ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದಾರೆ. ಈ ಹುಡುಗ ಮೂರು ವರ್ಷದ ಕೂಸಾಗಿದ್ದಾಗಿನಿಂದ ನಮ್ಮ ಮನೆಯ ಜಗಲಿಯ ಮೇಲೆಯೇ ಬೆಳೆದವನು. ನನ್ನ ತಾಯಿ ತಿಪಟೂರಿನಿಂದ ನಮ್ಮಲ್ಲಿಗೆ ಬಂದ ಮೇಲೆ ಮೊಮ್ಮಗನಿಗೆ ಕನ್ನಡ ಅಕ್ಷರ ಕಲಿಸಲು ಕೂತರು. ಮೊಮ್ಮಗ ಎರಡು ವಾರಕ್ಕೆ ಸ್ಲೇಟು ಬಿಟ್ಟು ಎದ್ದುಹೋದ. ಪಕ್ಕದ ಮನೆಯ ಹುಡುಗ ಎದ್ದುಹೋಗಲಿಲ್ಲ. ಒತ್ತಕ್ಷರ ಮುಗಿಸಿ, ಅಜ್ಜಿ ತರಿಸುತ್ತಿದ್ದ ವಾರಪತ್ರಿಕೆಯನ್ನು ಅವರಿಗೇ ಓದಿ ಹೇಳುವಷ್ಟಾದ. ಅಜ್ಜಿಯ ಕಣ್ಣಿಗೆ ಪೊರೆ ಬಂದ ವರ್ಷ ಅವನೇ ಅವರ ಕಣ್ಣು.

ಆ ದಿನ ಐವರೂ ಓದಿದರು. ಓದಿದರು ಎಂದೆ, ನಿಜ ಹೇಳುವುದಾದರೆ ನಾಲ್ವರು ಓದಿದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಂದ ಕನ್ನಡವನ್ನು. ನನ್ನ ಮಗನೂ ಹಾಗೆಯೇ. ಪುಸ್ತಕವನ್ನೇ ಕೈಗೆ ತೆಗೆದುಕೊಂಡು ಓದಿದವನು ಆ ಹುಡುಗನೊಬ್ಬನೇ. ಮಾಧುವಿನ ಮಾತಿನಲ್ಲಿರುವ ತುಂಟತನ, ಅದರ ಕೆಳಗಿರುವ ನೋವು ಎರಡೂ ಅವನ ದನಿಗೆ ತಾನಾಗಿ ಬಂದವು. ನಾವು ಏಳೂ ಜನ ನಕ್ಕೆವು, ಆಮೇಲೆ ಒಂದು ಕ್ಷಣ ಸುಮ್ಮನಾದೆವು. ನಾಟಕ ನೋಡಿ ಬಲ್ಲವರಿಗೆ ಆ ಸುಮ್ಮನಿರುವಿಕೆಯ ಅರ್ಥ ಗೊತ್ತು.

ಹುಡುಗರನ್ನು ಹೊರಗೆ ಕಳಿಸಿದ ಮೇಲೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. "ಚೆನ್ನಾಗೇನೋ ಓದ್ದ. ಆದ್ರೆ ಗಕಾರ ಕಕಾರ ಒಂದಾಗುತ್ತೆ, ಗಮನಿಸಿದ್ರಾ? ಕನ್ನಡ ಶುದ್ಧವಾಗಿರಬೇಕಲ್ಲ" ಎಂದರು. ಇನ್ನೊಬ್ಬರು ಹೆಚ್ಚು ನೇರವಾಗಿ, "ನಮ್ಮ ಮಕ್ಕಳಿಗೆ ಇರೋದೇ ಇದೊಂದು ವೇದಿಕೆ. ಅದನ್ನೂ ಬೇರೆಯವರಿಗೆ ಕೊಟ್ಟರೆ ನಮ್ಮವರು ಎಲ್ಲಿಗೆ ಹೋಗ್ಬೇಕು?" ಎಂದರು. ಹುಡುಗನನ್ನು ಬಲ್ಲವನೆಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಇಪ್ಪತ್ತು ವರ್ಷದಿಂದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಕಡತದ ಮೇಲೆ ಎರಡು ಟಿಪ್ಪಣಿ ಒಂದೇ ದಿಕ್ಕಿನಲ್ಲಿ ಬಂದಿದ್ದರೆ ಮೂರನೆಯದನ್ನು ಹೇಗೆ ಬರೆಯಬೇಕೆಂಬುದು ನನ್ನ ಕೈಗೆ ಅಭ್ಯಾಸವಾಗಿದೆ. "ಹೆಚ್ಚಿನವರ ಅಭಿಪ್ರಾಯವೇ ನನ್ನದೂ" ಎಂದೆ. ಪಾತ್ರ ನನ್ನ ಮಗನಿಗೆ ಬಂತು.

ಹೊರಗೆ ಬಂದು ವಿಷಯ ಹೇಳಿದಾಗ ಆ ಹುಡುಗನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಅವನೇ, "ಅಂಕಲ್, ನಾನು ಪ್ರಾಂಪ್ಟಿಂಗ್ ಮಾಡ್ಲಾ? ನಂಗೆ ಪುಸ್ತಕ ನೋಡ್ಕೊಂಡು ಓದಕ್ಕೆ ಬರುತ್ತಲ್ಲ" ಎಂದ. ಸಮಿತಿಗೆ ಸಂತೋಷವಾಯಿತು. ಪರದೆಯ ಹಿಂದೆ ನಿಲ್ಲುವವನ ಉಚ್ಚಾರಣೆಯ ಬಗ್ಗೆ ಯಾರಿಗೂ ಆಕ್ಷೇಪವಿರಲಿಲ್ಲ.

ಪ್ರಶ್ನೆ ಇದು. ಭಾಷೆಯ ಮೇಲಿನ ಹಕ್ಕು ಯಾವ ಬಗೆಯದು? ಆಸ್ತಿಯಲ್ಲಿ ಎರಡು ವಿಧ ಎಂದು ನಾವೆಲ್ಲ ಕೇಳಿದ್ದೇವೆ: ಪಿತ್ರಾರ್ಜಿತ, ಸ್ವಯಾರ್ಜಿತ. ಒಂದು ಹುಟ್ಟಿದೊಡನೆ ಬರುವುದು; ಅದಕ್ಕೆ ನಾವು ಏನೂ ಮಾಡಬೇಕಾಗಿಲ್ಲ, ಹುಟ್ಟಿದರೆ ಸಾಕು. ಇನ್ನೊಂದು ಬೆವರು ಸುರಿಸಿ ಪಡೆದದ್ದು. ಕನ್ನಡ ನಮಗೆ ಪಿತ್ರಾರ್ಜಿತ, ಆ ಹುಡುಗನಿಗೆ ಸ್ವಯಾರ್ಜಿತ. ಇವೆರಡರಲ್ಲಿ ಯಾವ ಹಕ್ಕು ಮೇಲು?

ಹೀಗೆ ಕೇಳಿದೊಡನೆ ಉತ್ತರ ಸುಲಭವೆಂದು ತೋರುತ್ತದೆ. ದುಡಿದವನದೇ ಮೇಲು ಎನ್ನುತ್ತೇವೆ. ಆದರೆ ಎದುರುಪಕ್ಷದ ಮಾತಿನಲ್ಲೂ ನ್ಯಾಯವಿದೆ, ಅದನ್ನು ಮುಚ್ಚಿಟ್ಟು ತೀರ್ಪು ಕೊಡಬಾರದು. ಈ ಊರಿನಲ್ಲಿ ಕನ್ನಡ ಬೀದಿಯಲ್ಲಿಲ್ಲ, ಬಸ್ಸಿನಲ್ಲಿಲ್ಲ, ಬಹುಪಾಲು ಶಾಲೆಗಳಲ್ಲಿಲ್ಲ. ತಮಿಳು ಕಲಿಕೆಯ ಕಾಯ್ದೆ 2006ರಲ್ಲಿ ಬಂದ ಮೇಲೆ ಮಕ್ಕಳು ತಮಿಳು, ಇಂಗ್ಲಿಷು ಓದುತ್ತಾರೆ. ಅದರಲ್ಲಿ ತಪ್ಪು ಹುಡುಕುವಂತಿಲ್ಲ, ನೆಲದ ಭಾಷೆ ಕಲಿಯುವುದು ಧರ್ಮವೇ. ಆದರೆ ಕನ್ನಡಕ್ಕೆ ಉಳಿದ ಜಾಗ ಅಡಿಗೆಮನೆ, ಊರಿನಿಂದ ಬರುವ ಫೋನು, ವರ್ಷಕ್ಕೆರಡು ಸಲದ ಸಂಘದ ಸಮಾರಂಭ. ಇಷ್ಟೇ ಅಂಗಳ ಇರುವವನು ಅದಕ್ಕೆ ಬೇಲಿ ಹಾಕಿಕೊಂಡರೆ ಅವನನ್ನು ಸಂಕುಚಿತ ಬುದ್ಧಿಯವನೆಂದು ಬೈಯುವುದು ನೂರು ಎಕರೆ ಇದ್ದವನಿಗೆ ಸುಲಭ.

ಇನ್ನೊಂದು ಮಾತೂ ಇದೆ. ಆ ದಿನ 'ನಮ್ಮವರು', 'ಬೇರೆಯವರು' ಎಂದ ಹಿರಿಯರು 1991ರ ಡಿಸೆಂಬರನ್ನು ಕಂಡವರು. ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ದಾಳಿಯಾದಾಗ ಇಲ್ಲಿನ ಕನ್ನಡಿಗರು ಬಾಗಿಲು ಹಾಕಿಕೊಂಡು ಕುಳಿತಿದ್ದರಂತೆ. ಭಯದಿಂದ ಹುಟ್ಟಿದ ಬೇಲಿ ಭಯ ಹೋದ ಮೇಲೂ ಬೇಗ ಬೀಳುವುದಿಲ್ಲ. ಆದರೆ ಇದೇ ಜಾಗದಲ್ಲಿ ನನ್ನದೊಂದು ನೆನಪನ್ನೂ ಹೇಳಬೇಕು. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಕಾವೇರಿ ಗಲಭೆ ಎದ್ದಾಗ ಪಕ್ಕದ ಮನೆಯ ಆ ಹುಡುಗನ ತಂದೆ ಬೆಳಗ್ಗೆಯೇ ಬಂದು, "ಸಾರ್, ನಿಮ್ಮ ಗಾಡೀಲಿ ಕೆಎ ನಂಬರು ಇದೆ, ಹೊರಗೆ ಬೇಡ" ಎಂದು ನನ್ನ ಸ್ಕೂಟರನ್ನು ತಮ್ಮ ಗೇಟಿನೊಳಕ್ಕೆ ತಳ್ಳಿಕೊಂಡು ಹೋದರು. ನಾಲ್ಕು ದಿನ ಅದು ಅವರ ಮನೆಯಲ್ಲಿತ್ತು. ಆ ನಾಲ್ಕು ದಿನದ ಲೆಕ್ಕ ಆ ಹಜಾರದಲ್ಲಿ ಕುಳಿತಾಗ ನನ್ನ ನೆನಪಿಗೆ ಬರಲಿಲ್ಲ. ಬಂದಿದ್ದರೆ 'ಬೇರೆಯವರು' ಎಂಬ ಮಾತಿಗೆ ತಲೆದೂಗುವುದು ಕಷ್ಟವಾಗುತ್ತಿತ್ತು.

ಇರಲಿ. ಯಾರ ನಾಟಕಕ್ಕಾಗಿ ನಾವು ಹಾಗೆ ಅಳೆದು ತೂಗುತ್ತಿದ್ದೆವೋ ಆ ಕೈಲಾಸಂ ಯಾರು? ಉತ್ಸವಕ್ಕೆ ಮುನ್ನುಡಿಯಾಗಿ ನಾಲ್ಕು ಮಾತು ಬರೆದುಕೊಡು ಎಂದು ಸಮಿತಿ ನನಗೇ ಹೇಳಿತ್ತು. ಒಂದು ರಾತ್ರಿ ಪುಸ್ತಕಗಳನ್ನು ಹರವಿಕೊಂಡು ಕುಳಿತವನು ಮೊದಲ ಪುಟದಲ್ಲೇ ನಿಂತೆ. ತ್ಯಾಗರಾಜ ಪರಮಶಿವ ಕೈಲಾಸಂ 1884ರಲ್ಲಿ ಹುಟ್ಟಿದವರು, ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗ ಓದಿದ್ದು ನಮ್ಮ ಇದೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಆಮೇಲೆ ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತು ಬಂದು, ಸಂಸ್ಥಾನದ ಭೂವಿಜ್ಞಾನ ಇಲಾಖೆಯ ನೌಕರಿ ಸೇರಿ, ಅದನ್ನು ಬಿಟ್ಟು ನಾಟಕಕ್ಕೆ ಬಂದವರು. ತಾವೇ ಕುಳಿತು ಬರೆದದ್ದಕ್ಕಿಂತ ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದ್ದೇ ಹೆಚ್ಚು. ಕಂಪನಿ ನಾಟಕಗಳ ಗ್ರಾಂಥಿಕ ಮಾತು ರಂಗವನ್ನಾಳುತ್ತಿದ್ದ ಕಾಲದಲ್ಲಿ, ಬೆಂಗಳೂರು ಮೈಸೂರುಗಳ ಮಧ್ಯಮ ವರ್ಗದ ಮನೆಯೊಳಗಿನ ಮಾತನ್ನು, ಇಂಗ್ಲಿಷ್ ಬೆರೆತು ಹದಗೆಟ್ಟಂತೆ ಕಾಣುವ ಆ ಮಾತನ್ನೇ, ಹಾಗೆಹಾಗೆಯೇ ರಂಗಕ್ಕೆ ತಂದರು. 'ಬಂಡ್ವಾಳ್ವಿಲ್ಲದ ಬಡಾಯಿ', 'ತಾಳಿ ಕಟ್ಟೋಕ್ಕೂಲಿನೇ' ಎಂಬ ಹೆಸರುಗಳನ್ನೇ ನೋಡಿ: ವ್ಯಾಕರಣದ ಮೇಷ್ಟ್ರಿಗೆ ತಲೆನೋವು ತರುವಂಥವು.

ನಾವು ಏಳು ಜನ ಒಬ್ಬ ತಮಿಳು ಹುಡುಗನ ಕನ್ನಡ ಶುದ್ಧವಲ್ಲವೆಂದು ತಳ್ಳಿದೆವು. ಯಾವ ನಾಟಕಕ್ಕಾಗಿ? ತಮಿಳು ಮನೆಮಾತಿನವರೊಬ್ಬರು, ಶುದ್ಧವಲ್ಲದ ಕನ್ನಡದಲ್ಲಿ ಬೇಕೆಂದೇ ರಚಿಸಿದ ನಾಟಕಕ್ಕಾಗಿ! ಕೈಲಾಸಂ ಇದ್ದಿದ್ದರೆ ಇದನ್ನೇ ಒಂದು ಪ್ರಹಸನ ಮಾಡುತ್ತಿದ್ದರು. ಅದರಲ್ಲಿ ನನಗೆ ಸಿಗುತ್ತಿದ್ದ ಪಾತ್ರ ಯಾವುದೆಂದು ಯೋಚಿಸಿದರೆ ಮೈ ಮುದುಡುತ್ತದೆ.

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಮದರಾಸಿನಲ್ಲಿ ನಡೆಯಿತು. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು, ಕನ್ನಡಿಗರಿಗೆ ಇದೂ ಒಂದು ರಾಜಧಾನಿ. ಆ ಸಮ್ಮೇಳನದ ಅಧ್ಯಕ್ಷರು ಕೈಲಾಸಂ. ಮರುವರ್ಷವೇ ಅವರು ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು, 1943ರಲ್ಲಿ, ಶಿವಮೊಗ್ಗದ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಬೇಂದ್ರೆ. ಅವರ ಮನೆಮಾತು ಮರಾಠಿ. 1929ರ ಬೆಳಗಾವಿ ಸಮ್ಮೇಳನಕ್ಕೆ ಮಾಸ್ತಿ. ಅವರದು ಮತ್ತೆ ತಮಿಳು. ನಮ್ಮ ಹಿರಿಯರು ಅಧ್ಯಕ್ಷ ಪೀಠದಲ್ಲಿ ಕೂರಿಸುವಾಗ ಯಾರ ಮನೆಯಲ್ಲಿ ಯಾವ ಭಾಷೆಯಲ್ಲಿ ಅನ್ನ ಬಡಿಸುತ್ತಾರೆಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ ನಮ್ಮ ಪಿತ್ರಾರ್ಜಿತದ ದೊಡ್ಡ ಭಾಗವೇ ಇರುತ್ತಿರಲಿಲ್ಲ. ಇಂದು ನಾವು ಹುಟ್ಟಿನ ಆಸ್ತಿ ಎಂದು ಹೇಳಿಕೊಳ್ಳುವ ಕನ್ನಡದಲ್ಲಿ ಎಷ್ಟೋ ಪಾಲು ಅನ್ಯರ ಮನೆಯಲ್ಲಿ ಹುಟ್ಟಿದವರು ಸ್ವಯಾರ್ಜಿತವಾಗಿ ದುಡಿದು ಇಟ್ಟುಹೋದದ್ದು.

ಎದುರುಕಡೆಯಿಂದಲೂ ನೋಡೋಣ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದ ಮರಾಠಿ ಮನೆಯ ಯುವಕನೊಬ್ಬ ಈ ಊರಿಗೆ ಬಂದು, 1975ರಲ್ಲಿ ಮೊದಲ ತಮಿಳು ಚಿತ್ರದಲ್ಲಿ ಕಾಣಿಸಿಕೊಂಡು, ರಜನೀಕಾಂತ್ ಆದದ್ದನ್ನು ನಾವು ಎಷ್ಟು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ! ಅಂದು ಅವರ ತಮಿಳನ್ನು ಅಕ್ಷರ ಅಕ್ಷರವಾಗಿ ತೂಗಿ ಪರದೆಯ ಹಿಂದೆ ನಿಲ್ಲಿಸಿದ್ದರೆ? ಅನ್ಯರು ನಮ್ಮವರಿಗೆ ಬಾಗಿಲು ತೆರೆದರೆ ಅದು ಅವರ ಧರ್ಮ. ನಾವು ಅನ್ಯರಿಗೆ ತೆರೆಯದಿದ್ದರೆ ಅದು ನಮ್ಮ ಸಂಸ್ಕೃತಿಯ ರಕ್ಷಣೆ. ಈ ಎರಡು ಅಳತೆ ಒಂದೇ ಅಂಗಡಿಯಲ್ಲಿ ಇರುವಂತಿಲ್ಲ.

ಹೀಗೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಭಾಷೆ ಹಂಚಿದಷ್ಟೂ ಬೆಳೆಯುವ ಸ್ವತ್ತು, ನಿಜ. ನನ್ನ ತಾಯಿ ಆ ಹುಡುಗನಿಗೆ ಅಕ್ಷರ ಕೊಟ್ಟಿದ್ದರಿಂದ ನನ್ನ ಮಗನ ಪಾಲು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಮಾಧುವಿನ ಪಾತ್ರ ಅಂಥದಲ್ಲ. ಅದು ಒಂದೇ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ. ನಮ್ಮ ಮಕ್ಕಳಿಗೆ ಹೆದರಿಕೆ ಬಿಡಲಿ, ನಾಲ್ಕು ಮಾತಾಡಲಿ, ಆಮೇಲೆ ಓದುವ ಆಸೆ ಹುಟ್ಟೀತು ಎಂಬುದು ಸಂಘ ಕಟ್ಟಿದವರ ಉದ್ದೇಶ. ಚೆನ್ನಾಗಿ ಬಲ್ಲವನಿಗೇ ಎಲ್ಲವನ್ನೂ ಕೊಡುತ್ತ ಹೋದರೆ ಬಾರದವನು ಎಂದು ಕಲಿಯುವುದು? ಪ್ರತಿಭೆಯೊಂದೇ ಅಳತೆಗೋಲಾದರೆ ಅದೂ ಒಂದು ಬಗೆಯ ಕ್ರೌರ್ಯವೇ. 'ಟೊಳ್ಳುಗಟ್ಟಿ' ಪರೀಕ್ಷೆಯ ಅಂಕಗಳ ವಿರುದ್ಧ ಎತ್ತಿದ ದನಿ ಎಂಬುದನ್ನು ಮರೆಯಬಾರದು.

ಈ ತೊಡಕಿಗೂ ಕೈಲಾಸಂ ಅವರಲ್ಲೇ ನನಗೊಂದು ದಾರಿ ಕಂಡಿತು. ನಗಿಸುವ ನಾಟಕಗಳನ್ನು ಕನ್ನಡದಲ್ಲಿ ಹೇಳಿದ ಈ ಮನುಷ್ಯ ಇಂಗ್ಲಿಷಿನಲ್ಲಿ ಬರೆದ ಗಂಭೀರ ನಾಟಕಗಳಿಗೆ ಆರಿಸಿಕೊಂಡ ನಾಯಕರಲ್ಲಿ ಇಬ್ಬರು ಕರ್ಣ, ಏಕಲವ್ಯ. ಇಬ್ಬರೂ ವಿದ್ಯೆಯ ಬಾಗಿಲಲ್ಲಿ 'ನಿನ್ನ ಹುಟ್ಟು ಯಾವುದು' ಎಂಬ ಪ್ರಶ್ನೆಗೆ ಸಿಕ್ಕಿಬಿದ್ದವರು. ಏಕಲವ್ಯನ ನಾಟಕವೊಂದಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ 'ಉದ್ದೇಶ'. ಅಲ್ಲಿ ಅರ್ಜುನ ಬಿಲ್ವಿದ್ಯೆ ಕಲಿಯುವುದು ಲೋಕದಲ್ಲಿ ತನ್ನನ್ನು ಮೀರಿಸುವ ಬಿಲ್ಲುಗಾರ ಇರಬಾರದೆಂದು. ಏಕಲವ್ಯ ಕಲಿಯಬಯಸುವುದು ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಕಾಪಾಡಲೆಂದು. ಹುಟ್ಟು ಯಾವುದು ಎಂಬ ಪ್ರಶ್ನೆಯನ್ನು ಕೈಲಾಸಂ ಪಕ್ಕಕ್ಕಿಡುತ್ತಾರೆ. ಆದರೆ ಅದರ ಜಾಗದಲ್ಲಿ 'ಯಾರು ಹೆಚ್ಚು ಬಲ್ಲವನು' ಎಂಬುದನ್ನೂ ತಂದಿಡುವುದಿಲ್ಲ. ಯಾತಕ್ಕಾಗಿ ಎಂದು ಕೇಳುತ್ತಾರೆ.

ಅದೇ ಪ್ರಶ್ನೆಯನ್ನು ನಮ್ಮ ಹಜಾರದಲ್ಲಿ ಕೇಳಬೇಕಾಗಿತ್ತು. ಈ ಹುಡುಗನಿಗೆ ಕನ್ನಡ ಯಾತಕ್ಕೆ? ಅವನಿಗೆ ಅದರಿಂದ ನೌಕರಿಯಿಲ್ಲ, ಅಂಕವಿಲ್ಲ. ಕಣ್ಣು ಕಾಣದ ಒಬ್ಬ ಮುದುಕಿಗೆ ಕಥೆ ಓದಿ ಹೇಳಲು ಅವನು ಕನ್ನಡ ಕಲಿತ. ನನ್ನ ಮಗನಿಗೆ ಆ ಪಾತ್ರ ಯಾತಕ್ಕೆ? ಅವನು ಕೇಳಿರಲಿಲ್ಲ, ನಾನು ಎಳೆದುಕೊಂಡು ಹೋಗಿದ್ದೆ. ಇನ್ನು ನನ್ನ ಉದ್ದೇಶವೇನು? 'ಸಂಘದ ಹಿತ', 'ನಮ್ಮ ಮಕ್ಕಳ ಅವಕಾಶ' ಎಂಬ ಮಾತುಗಳ ಹಿಂದೆ ನನ್ನ ಮಗ ವೇದಿಕೆಯ ಮೇಲೆ ನಿಲ್ಲಲಿ ಎಂಬ ಆಸೆ ಕೂತಿತ್ತು. ನಿಜವಾಗಿ ಕಲಿಯುವವರಿಗೇ ಅವಕಾಶ ಕೊಡುವ ಉದ್ದೇಶವಿದ್ದಿದ್ದರೆ ಉಳಿದ ಮೂವರಲ್ಲಿ ಹೆದರುತ್ತ ಓದಿದ ಒಬ್ಬ ಹುಡುಗನಿದ್ದ. ಅವನ ಹೆಸರನ್ನು ನಾನು ಎತ್ತಲಿಲ್ಲವಲ್ಲ!

ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಲವಣಗಳ ಪರೀಕ್ಷೆ ಇರುತ್ತಿತ್ತು. ಹೆಸರಿನ ಚೀಟಿಯಿಲ್ಲದ ಪುಡಿ ಕೊಡುತ್ತಿದ್ದರು. ತಂತಿಯ ತುದಿಗೆ ಹಚ್ಚಿ ಉರಿಗೆ ಹಿಡಿದರೆ ತಾಮ್ರ ಹಸಿರಾಗಿ, ಸೋಡಿಯಂ ಹಳದಿಯಾಗಿ, ಪೊಟ್ಯಾಸಿಯಂ ತಿಳಿನೇರಳೆಯಾಗಿ ತನ್ನ ಗುರುತು ತಾನೇ ಹೇಳುತ್ತದೆ. ಕಷ್ಟ ಬರುವುದು ಸೋಡಿಯಂ ಬೆರೆತಾಗ. ಅದರ ಹಳದಿ ಎಷ್ಟು ಜೋರೆಂದರೆ ಪಕ್ಕದಲ್ಲಿ ಪೊಟ್ಯಾಸಿಯಂ ಇದ್ದರೂ ಅದರ ನೇರಳೆ ಕಾಣುವುದೇ ಇಲ್ಲ. ಆಗ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಬೇಕು. ಹಳದಿ ಅಡಗಿ ನೇರಳೆ ಕಾಣಿಸುತ್ತದೆ. ಆ ದಿನ ನನ್ನ ಕಣ್ಣೆದುರಿಗಿದ್ದ ಹಳದಿ ನನ್ನ ಮಗ. ನೀಲಿ ಗಾಜು ಕೈಯಲ್ಲಿರಲಿಲ್ಲ ಎನ್ನಲಾರೆ. ಕಣ್ಣಿಗೆ ಹಿಡಿಯುವ ಮನಸ್ಸಿರಲಿಲ್ಲ.

ಉತ್ಸವದ ಸಂಜೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನನ್ನ ಮಗ ಮೊದಲ ದೃಶ್ಯ ಚೆನ್ನಾಗಿಯೇ ಮಾಡಿದ. ಎರಡನೆಯದರಲ್ಲಿ ಮಾತು ತಪ್ಪಿತು. ಪಕ್ಕದ ಪರದೆಯಿಂದ ಮೆಲುದನಿ ಬಂತು, ಮಗ ಹಿಡಿದುಕೊಂಡ. ಅಲ್ಲಿಂದಾಚೆಗೆ ಸಾಲು ಸಾಲಿಗೂ ಆ ದನಿ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಅದು ಕೇಳಿಸುತ್ತಿತ್ತು. ಹಿಂದೆ ಕುಳಿತವರಿಗೆ ಕೇಳಿಸಲಿಲ್ಲ, ಅಷ್ಟು ನಾಜೂಕಾಗಿ ಹೇಳಿಕೊಟ್ಟ. ಕೊನೆಗೆ ಚಪ್ಪಾಳೆ ಬಿತ್ತು. ಮಕ್ಕಳಿಗೆಲ್ಲ ಒಂದೊಂದು ಪುಸ್ತಕದ ಬಹುಮಾನ. ಪ್ರಾಂಪ್ಟರನ ಹೆಸರನ್ನು ಕರೆಯಲು ಯಾರಿಗೂ ತೋಚಲಿಲ್ಲ. ಪಟ್ಟಿ ಬರೆದವನು ನಾನು. ನಾವು ಹೊರಟಾಗ ಅವನು ಪರದೆ ಮಡಿಸುತ್ತಿದ್ದ.

ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ತಾಯಿ, "ನಾಟಕದಾಗೆ ಅವನ ದನಿನೇ ಕೇಳ್ತಿತ್ತಲ್ಲೋ, ಮುಖ ಯಾಕೆ ಕಾಣ್ಲಿಲ್ಲ?" ಎಂದರು. ಕಣ್ಣು ಮಂಜಾದವರ ಕಿವಿ ಚುರುಕು. "ಅವನು ಹಿಂದ್ಗಡೆ ಕೆಲ್ಸ ಮಾಡ್ತಿದ್ದ ಅಮ್ಮ" ಎಂದೆ. "ಅವನೇ ಬ್ಯಾಡ ಅಂದ್ನಾ, ನೀವು ಬ್ಯಾಡ ಅಂದ್ರಾ?" ಎಂದರು. ನಾನು ಮಾತಾಡಲಿಲ್ಲ. ಅಷ್ಟರಲ್ಲಿ ನನ್ನ ಮಗ ತನಗೆ ಬಂದ ಬಹುಮಾನದ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಅಪ್ಪ, ಇದು ಅವನಿಗೆ ಕೊಡ್ತೀನಿ. ನಂಗೆ ಹೇಗೂ ಓದಕ್ಕೆ ಬರಲ್ಲ" ಎಂದ. ಆ ಮಾತಿನಲ್ಲಿ ನನ್ನ ಬಗ್ಗೆ ಎಷ್ಟು ತೀರ್ಪಿತ್ತೆಂದು ಅವನಿಗೆ ಗೊತ್ತಿರಲಾರದು. ಮಗನ ಬಗ್ಗೆ ನಾನು ಮೇಲೆ ಬರೆದದ್ದನ್ನು ಓದಿ ಯಾರೂ ಅವನನ್ನು ಟೊಳ್ಳೆಂದು ಎಣಿಸಬಾರದು. ಆ ಪದ ಸಲ್ಲಬೇಕಾದದ್ದು ಹಜಾರದಲ್ಲಿ ಕುಳಿತಿದ್ದವನಿಗೆ.

ಮರುದಿನ ನಾನು ಪಕ್ಕದ ಮನೆಗೆ ಹೋಗಿ ಆ ಹುಡುಗನಿಗೆ, ಅವನ ತಂದೆಯ ಎದುರಿನಲ್ಲೇ, ನಡೆದದ್ದನ್ನು ಹೇಳಿದೆ. ತಂದೆ, "ಪರವಾಯಿಲ್ಲ ಸಾರ್, ಚಿಕ್ಕ ಹುಡುಗರ ನಾಟಕ ತಾನೇ" ಎಂದು ಕಾಫಿ ಕೊಟ್ಟರು. ಹುಡುಗ ತಲೆ ತಗ್ಗಿಸಿಕೊಂಡು ನಕ್ಕ. ಕ್ಷಮಿಸಿದನೋ, ದೊಡ್ಡವರ ಎದುರು ಹಾಗೆ ನಗಬೇಕೆಂದು ನಕ್ಕನೋ, ನಾನು ಅರಿಯೆ. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಕಳೆದುಹೋದ ಸಂಜೆ ಹಿಂದಕ್ಕೆ ಬರುವುದಿಲ್ಲ. ಅಷ್ಟು ಮಾತ್ರ ನನಗೆ ಅಲ್ಲಿ ಅರ್ಥವಾಯಿತು.

ಸಂಘಕ್ಕೆ ಒಂದು ಸಲಹೆ ಕೊಟ್ಟಿದ್ದೇನೆ. ಮುಂದಿನ ಸಲ ಪ್ರತಿ ನಾಟಕದಲ್ಲೂ ಕೆಲವು ಪಾತ್ರ ಈಗಾಗಲೇ ಬಲ್ಲವರಿಗೆ, ಯಾವ ಮನೆಯವರಾದರೂ ಸರಿ. ಕೆಲವು ಪಾತ್ರ ಇನ್ನೂ ಕಲಿಯಬೇಕಾದವರಿಗೆ, ಅವರೂ ಯಾವ ಮನೆಯವರಾದರೂ ಸರಿ. ಆರಿಸುವವರ ಮಕ್ಕಳು ಕಣದಲ್ಲಿದ್ದರೆ ಅವರು ಆ ದಿನ ಹಜಾರದಲ್ಲಿ ಕೂರಬಾರದು. ಮತ್ತು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದನ್ನು ಒಂದು ತಿಂಗಳ ಮೊದಲೇ ನಿಲ್ಲಿಸಿ, ಸಂಜೆ ಅರ್ಧ ಗಂಟೆ ಅಕ್ಷರ ಕಲಿಸಬೇಕು. ಕಲಿಸಲು ನನ್ನ ತಾಯಿ ಸಿದ್ಧರಿದ್ದಾರೆ. ಹಲಗೆಯ ಮೇಲೆ ಬರೆಯಲು ಅವರ ಶಿಷ್ಯ ಒಪ್ಪಿದ್ದಾನೆ. ಮೊದಲ ದಿನ ಸ್ಲೇಟು ಹಿಡಿದು ಕೂರುವವರಲ್ಲಿ ನನ್ನ ಮಗನೂ ಇರುತ್ತಾನೆ ಎಂದು ಮಾತು ಕೊಟ್ಟಿದ್ದಾನೆ.

ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಪ್ರಶ್ನೆಗೆ ಈಗ ನನಗೆ ತೋರುವ ಉತ್ತರ ಇಷ್ಟೇ: ಪರಊರಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಪಿತ್ರಾರ್ಜಿತವಾಗಿ ಉಳಿಯಲಾರದು. ಕನ್ನಡದ ಮನೆಯಲ್ಲಿ ಹುಟ್ಟಿದವನೂ ಅದನ್ನು ದುಡಿದೇ ಪಡೆಯಬೇಕು, ತಮಿಳರ ಮನೆಯಲ್ಲಿ ಹುಟ್ಟಿದವನೂ ದುಡಿದೇ ಪಡೆಯಬೇಕು. ಇಬ್ಬರೂ ಒಂದೇ ಜಗಲಿಯ ಮೇಲೆ ಕೂರುವುದರಲ್ಲಿ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಇದು ತಪ್ಪೆಂದು ತೋರುವ ಹಿರಿಯರು ಇದೇ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದು ತಿದ್ದಬೇಕೆಂದು ನನ್ನ ಪ್ರಾರ್ಥನೆ. ಆ ದಿನ ಹಜಾರದಲ್ಲಿ ನಾನು ಆಡದೆ ಉಳಿಸಿದ ಮಾತನ್ನು, ತಡವಾಗಿಯಾದರೂ, ಇಲ್ಲಿ ಆಡಿದ್ದೇನೆ.